ಕೋಟ್ ತಾತ ಮಾಡಿದ ಒಂದೇ ಚೌಕಾಸಿ

ಆ ಉಣ್ಣೆಯ ಕೋಟಿಗೆ ನಾನು ಕೊಟ್ಟದ್ದು ಹಾಲೆಂಡಿನ ಆಗಿನ ದುಡ್ಡಿನಲ್ಲಿ ಪೂರಾ ನಲವತ್ತು ಗಿಲ್ಡರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಂಡು ಮಾರಿ ಮೇಲೆ ಬಂದವನು ನಾನು. ಆ ಚೌಕಾಸಿಯ ಬಲದಿಂದಲೇ ಹಾಲೆಂಡಿನ ಹೂಫ್‌ಡಾರ್ಪ್‌ನಲ್ಲಿ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಕುರ್ಚಿ ಸಿಕ್ಕಿತ್ತು. ಕೇಳಿದ ಬೆಲೆಯನ್ನು ಕೇಳಿದ ಹಾಗೆಯೇ ತೆತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಯಾಕೆ ತೆತ್ತೆ ಎಂದು ಹೇಳಿಬಿಟ್ಟರೆ ಕೋಟು ಮಾರಿದ ಮನುಷ್ಯ ಎಂಥವರು ಎಂಬುದು ಅರ್ಧ ಹೇಳಿದ ಹಾಗೆ.

ತೊಂಬತ್ತೇಳರ ಏಪ್ರಿಲ್ ಕೊನೆ. ಅಲ್ಲಿಯ ಜನ ರಾಣಿಯ ದಿನ ಎಂದು ಆಚರಿಸುವ ಹಬ್ಬ. ಅವತ್ತು ಯಾರು ಬೇಕಾದರೂ ಬೀದಿಯಲ್ಲಿ ಚಾಪೆ ಹಾಸಿ ಮನೆಯ ಹಳೇ ಸಾಮಾನು ಮಾರಬಹುದು. ನಾನು ಬಂದಿಳಿದು ಎರಡು ತಿಂಗಳಾಗಿತ್ತು. ಬೆಂಗಳೂರಿನ ಸ್ವೆಟರು ಅಲ್ಲಿಯ ಗಾಳಿಗೆ ಬನಿಯನ್ನಿನಷ್ಟೂ ಕೆಲಸಕ್ಕೆ ಬರುತ್ತಿರಲಿಲ್ಲ. ಬೀದಿಯ ಒಂದು ಮೂಲೆಯಲ್ಲಿ ಮಡಿಸುವ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಅರವತ್ತೈದು ದಾಟಿದ ಒಬ್ಬ ಅಮೆರಿಕನ್. ಮುಂದೆ ಒಂದು ಟೋಸ್ಟರ್, ನಾಲ್ಕಾರು ಸ್ಪ್ಯಾನರು, ಪಕ್ಕದಲ್ಲಿ ಹ್ಯಾಂಗರಿಗೆ ಹಾಕಿದ ಕಡುನೀಲಿ ಕೋಟು.

"ಎಷ್ಟು?"

"ನಲವತ್ತು."

"ಹದಿನೈದಕ್ಕೆ ಕೊಡಿ."

"ನಲವತ್ತೆರಡು."

ಕಿವಿ ಮಂದವಾಗಿದೆ ಪಾಪ ಎಂದುಕೊಂಡು ಜೋರಾಗಿ, "ಇಪ್ಪತ್ತು" ಎಂದೆ.

"ನಲವತ್ತೈದು. ನೀನು ಬಾಯಿ ತೆಗೆದಷ್ಟೂ ಏರುತ್ತೆ, ಸನ್."

ಇಂಥವರಿಗೆ ನಮ್ಮಲ್ಲಿ ಒಂದು ಮದ್ದಿದೆ. ಬೇಡವೆಂದು ಹೊರಟುಬಿಡಬೇಕು. ನಾಲ್ಕು ಅಂಗಡಿ ದಾಟುವುದರೊಳಗೆ ಹಿಂದಿನಿಂದ 'ಬನ್ನಿ ಸಾರ್, ಬನ್ನಿ' ಎಂದು ಕೂಗುತ್ತಾರೆ. ಹೊರಡುವಾಗ ಮರ್ಯಾದೆಗೆ ನಮ್ಮ 'ಹೋಗಿ ಬರ್ತೀನಿ' ಅನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ, "ಐ ವಿಲ್ ಗೋ ಅಂಡ್ ಕಮ್, ಸರ್" ಎಂದೆ. ಯಾರೂ ಕೂಗಲಿಲ್ಲ. ನಾನೂ ಮರೆತೆ.

ಸಾಯಂಕಾಲ ಜಿಟಿಜಿಟಿ ಮಳೆ. ಮಾರುವವರೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದರು. ಮನೆಗೆಂದು ಅದೇ ಬೀದಿಯಲ್ಲಿ ಬರುತ್ತೇನೆ, ಆ ಮನುಷ್ಯ ಒಬ್ಬರೇ ಛತ್ರಿ ಹಿಡಿದು ಅದೇ ಕುರ್ಚಿಯ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಕೋಟು.

"ಗೋ ಆಯ್ತು," ಎಂದರು. "ಕಮ್ ಯಾವಾಗ ಅಂತ ಕಾಯ್ತಿದ್ದೆ."

ಇಬ್ಬರು ಹೆಂಗಸರು ಗಂಡಂದಿರಿಗೆಂದು ಕೇಳಿದರಂತೆ. ಮಾರಿಯಾಗಿದೆ, ಆ ಮಹಾಶಯರು ಬರುತ್ತೇನೆಂದು ಮಾತು ಕೊಟ್ಟಿದ್ದಾರೆ ಎಂದು ಕಳಿಸಿಬಿಟ್ಟರಂತೆ. ನಾನು ಬಾಯಿ ಮುಚ್ಚಿಕೊಂಡು ನಲವತ್ತೈದು ತೆಗೆದು ಕೊಟ್ಟೆ. ಐದನ್ನು ವಾಪಸ್ ಕೊಟ್ಟರು. "ಬೆಲೆ ನಲವತ್ತು. ಮೇಲಿನದು ನಿನಗೆ ಬುದ್ಧಿ ಬರ್ಲಿ ಅಂತ ಹೇಳಿದ್ದು."

ನಮ್ಮ ಕಡೆ ಬರೀ 'ಹೋಗ್ತೀನಿ' ಎಂದು ಹೇಳುವುದಿಲ್ಲ, ಅದು ಅಪಶಕುನ, ತಿರುಗಿ ಬಾರದವರ ಮಾತು ಅದು, ಅದಕ್ಕೇ 'ಹೋಗಿ ಬರ್ತೀನಿ' ಅನ್ನುತ್ತೇವೆ ಎಂದು ವಿವರಿಸಿದೆ. ಎದ್ದು ಕುರ್ಚಿ ಮಡಿಸುತ್ತಾ, "ಒಳ್ಳೇ ಪದ್ಧತಿ. ಕೊರಿಯಾದಲ್ಲಿ ನಮ್ಮ ಹುಡುಗ್ರಿಗೆ ಕಲಿಸ್ಬೇಕಿತ್ತು" ಎಂದರು. ಅವತ್ತು ಜೊತೆಯಲ್ಲಿ ನಡೆದು ಬಂದಾಗ ಗೊತ್ತಾಯಿತು, ನಾನು ಬಾಡಿಗೆಗಿದ್ದ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಅವರ ಮನೆ. ಆರು ತಿಂಗಳ ಮೇಲೆ ನನ್ನ ಹೆಂಡತಿ ಬಂದು ಈ ಕಥೆ ಕೇಳಿ ನಕ್ಕು, ಅವರಿಗೆ ಕೋಟ್ ತಾತ ಎಂದು ಹೆಸರಿಟ್ಟಳು. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬರುವುದು ಮದುವೆಗೆ ಒಂದು ಸಲ, ಸಾವಿಗೆ ಒಂದು ಸಲ, ಅದಕ್ಕಿಂತ ಹೆಚ್ಚಾದರೆ ಆ ಮನುಷ್ಯನಲ್ಲಿ ಏನೋ ಐಬಿದೆ ಎಂದು ನಂಬಿದ್ದವರು ಅವರು.

ಕೋಟ್ ತಾತ ಅಮೆರಿಕದ ದಕ್ಷಿಣದವರು. ಇಪ್ಪತ್ತು ತುಂಬುವ ಮೊದಲೇ ಕೊರಿಯಾ ಯುದ್ಧಕ್ಕೆ ಹೋಗಿ, ಅಲ್ಲಿನ ಚಳಿಗೆ ಎರಡೂ ಪಾದಗಳ ಬೆರಳು ಕೊಟ್ಟು ಬಂದವರು. ಆಮೇಲೆ ವಿಮಾನದ ಮೆಕ್ಯಾನಿಕ್ ಆಗಿ ಸ್ಖಿಪೋಲ್ ವಿಮಾನ ನಿಲ್ದಾಣಕ್ಕೆ ಬಂದು, ಡಚ್ ಹೆಣ್ಣನ್ನು ಮದುವೆಯಾಗಿ ಅಲ್ಲೇ ನಿಂತರು. ನಾನು ನೋಡುವ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದರು. ಇಷ್ಟು ವರ್ಷವಾದರೂ ಅವರ ಡಚ್ ಭಾಷೆ ಬಸ್ ಡ್ರೈವರಿಗೆ ಥ್ಯಾಂಕ್ಸ್ ಹೇಳುವಷ್ಟರಲ್ಲೇ ನಿಂತಿತ್ತು. ದಿನಾ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗಿ ಒಂದು ದಿನ ಹಳೆಯದಾದ ಅಮೆರಿಕದ ಪತ್ರಿಕೆ ತರುತ್ತಿದ್ದರು. ಹೋಗುತ್ತಿದ್ದದ್ದು ಹಡಗಿನಂಥ ಒಂದು ಅಮೆರಿಕನ್ ಕಾರಿನಲ್ಲಿ. ಹಾಲೆಂಡಿನ ಬೀದಿಯಲ್ಲಿ ಅದನ್ನು ತಿರುಗಿಸಬೇಕಾದರೆ ಮೂರು ಸಲ ಹಿಂದೆ ಮುಂದೆ ಮಾಡಬೇಕಿತ್ತು.

ಒಂದು ಭಾನುವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು ಕೊಟ್ಟಾಗ ಚಮಚ ಬಾಯಿಗಿಟ್ಟವರು ಹಾಗೇ ನಿಂತುಬಿಟ್ಟರು. ಖಾರವಾಯಿತೇನೋ ಎಂದು ನನ್ನವಳು ನೀರು ತಂದಳು.

"ಗ್ರಿಟ್ಸ್!" ಎಂದರು. "ನಮ್ಮಮ್ಮ ಮಾಡ್ತಿದ್ದ ಗ್ರಿಟ್ಸ್! ಇದಕ್ಕೆ ಸಾಸಿವೆ ಹಾಕೋ ಬುದ್ಧಿ ಮಾತ್ರ ಅವಳಿಗೆ ಇರ್ಲಿಲ್ಲ."

ಅವರ ಊರಿನಲ್ಲಿ ಬೆಳಿಗ್ಗೆ ಮೆಕ್ಕೆಜೋಳದ ನುಚ್ಚನ್ನು ಹಾಗೆ ಬೇಯಿಸುತ್ತಾರಂತೆ. ಅವತ್ತಿನಿಂದ ಭಾನುವಾರದ ಉಪ್ಪಿಟ್ಟಿಗೆ ಒಂದು ತಟ್ಟೆ ಹೆಚ್ಚು.

ರಾಜಕೀಯದಲ್ಲಿ ಕೋಟ್ ತಾತ ಕಟ್ಟಾ ಸಂಪ್ರದಾಯವಾದಿ. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆ ಇರಬೇಕು, ಮನುಷ್ಯ ಆಡಿದ ಮಾತಿಗೆ ನಿಲ್ಲಬೇಕು. ಮೊದಲೆರಡಕ್ಕೆ ನಾನು ಕೈಯೆತ್ತಿ ಒಪ್ಪುತ್ತಿದ್ದೆ. ಸಂಬಳದ ಚೀಟಿಯಲ್ಲಿ ತೆರಿಗೆ ಹಿಡಿದದ್ದನ್ನು ನೋಡಿದ ಯಾರಾದರೂ ಒಪ್ಪುತ್ತಾರೆ. ಮಾಜಿ ಸೈನಿಕರ ಮಾತು ಬಂದರೆ ಮಾತ್ರ ಅವರ ಚಿಕ್ಕ ಸರ್ಕಾರ ಇದ್ದಕ್ಕಿದ್ದಂತೆ ದೊಡ್ಡದಾಗಬೇಕಿತ್ತು. "ಅದು ದಾನ ಅಲ್ಲ, ಕೊಟ್ಟ ಮಾತು" ಎನ್ನುತ್ತಿದ್ದರು. ಹಳೇ ಪಲ್ಟನ್ನಿನವರಲ್ಲಿ ಯಾರಿಗೆ ಔಷಧ ಸಿಕ್ಕಿಲ್ಲ, ಯಾರು ಸೇತುವೆ ಕೆಳಗೆ ಮಲಗುತ್ತಿದ್ದಾರೆ ಎಂಬ ಸುದ್ದಿ ಬಂದರೆ ಸಾಕು, ಕೂತು ಅವರವರ ಊರಿನ ಸೆನೆಟರಿಗೆ ಪತ್ರ ಬರೆಯುತ್ತಿದ್ದರು. ಹಾಲೆಂಡಿನ ದಕ್ಷಿಣಕ್ಕೆ ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಸಮಾಧಿಗಳಿವೆ. ಅಲ್ಲಿಯ ಜನ ಒಂದೊಂದು ಕುಟುಂಬಕ್ಕೆ ಒಂದೊಂದು ಸಮಾಧಿ ಎಂದು ದತ್ತು ತೆಗೆದುಕೊಂಡು ಹೂವಿಡುತ್ತಾರೆ. ಅದನ್ನು ನೆನೆದಾಗಲೆಲ್ಲ ಕೋಟ್ ತಾತ ಆ ಡಚ್ಚರನ್ನು ಬಾಯ್ತುಂಬ ಹೊಗಳುತ್ತಿದ್ದರು. ಹಿಂದೆಯೇ ಸಿಟ್ಟು ಬರುತ್ತಿತ್ತು. "ಸತ್ತವನಿಗೆ ಹೂವು ಇಡ್ತಾರೆ, ಸರಿ. ಬದುಕಿ ಬಂದವನಿಗೆ ಹಲ್ಲು ನೋವು ಅಂದ್ರೆ ಕೇಳೋರು ಯಾರು?"

ಬದುಕಿರುವ ಯಾವುದನ್ನೂ ಅವರು ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ತೊಂಬತ್ತೆಂಟರ ಬೇಸಿಗೆ ಕೊನೆಯಲ್ಲಿ ನನ್ನವಳು ಬಸುರಿ ಎಂಬ ಸುದ್ದಿ ಹೇಳಿದಾಗ ಎಲ್ಲರೂ ನನ್ನ ಕೈ ಕುಲುಕಿದರು. ಕೋಟ್ ತಾತ ಮಾತ್ರ ಟೋಪಿ ತೆಗೆದು, ನನ್ನ ಹೆಂಡತಿಯ ಹೊಟ್ಟೆಯ ಕಡೆ ಸ್ವಲ್ಪ ಬಾಗಿ, "ಸರ್ ಆರ್ ಮೇಡಂ, ಹೂಫ್‌ಡಾರ್ಪ್‌ಗೆ ಸ್ವಾಗತ" ಎಂದರು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಮೂವರಿಗೂ ಬೇರೆ ಬೇರೆ ನಮಸ್ಕಾರ.

ಇಂಥವರಿಗೆ ಸ್ನೇಹಿತರಾಗಿ ಸಿಕ್ಕವರು ಹೇಗಿದ್ದರು ಎಂದರೆ, ಎಲ್ಲದರಲ್ಲೂ ತದ್ವಿರುದ್ಧ. ಪಕ್ಕದ ಬೀದಿಯ ಒಬ್ಬ ಡಚ್ ಮುದುಕರು, ನಿವೃತ್ತ ಶಾಲಾ ಮೇಷ್ಟ್ರು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ನನ್ನವಳ ಬಾಯಲ್ಲಿ ಅವರು ಉದ್ದ ತಾತ. ಡಚ್ಚರೂ ಕೊರಿಯಾಕ್ಕೆ ಒಂದು ಪಡೆ ಕಳಿಸಿದ್ದರು, ಉದ್ದ ತಾತ ಅದರಲ್ಲಿದ್ದರು. ಒಂದೇ ಚಳಿಗಾಲದಲ್ಲಿ ಇಬ್ಬರೂ ಅಕ್ಕಪಕ್ಕದ ಗುಡ್ಡಗಳಲ್ಲಿ ನಡುಗುತ್ತಿದ್ದರೆಂದು ಎಷ್ಟೋ ವರ್ಷದ ಮೇಲೆ ಕ್ಷೌರದ ಅಂಗಡಿಯಲ್ಲಿ ಗೊತ್ತಾಗಿ ಸ್ನೇಹವಾಯಿತಂತೆ. ದೇವರಿಲ್ಲ, ತೆರಿಗೆ ಇನ್ನೂ ಹೆಚ್ಚಬೇಕು, ಮನುಷ್ಯನ ದೇಹ ಅವನದೇ ಆಸ್ತಿ, ಇವು ಉದ್ದ ತಾತನ ಸಿದ್ಧಾಂತ. ಪ್ರತಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅವರ ಮನೆಯಲ್ಲಿ ಕಾಫಿ. ನಾನು ಆಗ ಎರಡನೇ ಪಾಳಿ ಕೇಳಿ ಪಡೆದಿದ್ದರಿಂದ ಆಗಾಗ ಹೋಗಿ ಕೂರುತ್ತಿದ್ದೆ. ಡಚ್ ಪದ್ಧತಿಯಂತೆ ಬಿಸ್ಕತ್ತಿನ ಡಬ್ಬಿ ತೆರೆದು ಒಬ್ಬರಿಗೆ ಒಂದು ಕೊಟ್ಟು ಮುಚ್ಚಿಬಿಡುತ್ತಿದ್ದರು.

"ನೋಡು ಸನ್," ಕೋಟ್ ತಾತ ನನಗೆ ಹೇಳುತ್ತಿದ್ದರು, "ಸಮಾಜವಾದ ಅಂದ್ರೆ ಇದು. ಎಲ್ರಿಗೂ ಸಮಾನ, ಎಲ್ರಿಗೂ ಒಂದೇ ಬಿಸ್ಕತ್ತು."

"ಕೌಬಾಯ್, ನಿನ್ನ ಕಾಲು ಒಣಗಿದೆಯಾ?" ಉದ್ದ ತಾತ ಕೇಳುತ್ತಿದ್ದರು.

"ಒಣಗಿದೆ, ಯಾಕೆ?"

"ಈ ಊರು ಸಮುದ್ರಕ್ಕಿಂತ ಕೆಳಗಿದೆ. ಹಗಲೂ ರಾತ್ರಿ ಪಂಪು ಓಡ್ತಾ ಇರೋದಕ್ಕೆ ನೀನು ಮುಳುಗಿಲ್ಲ. ಪಂಪು ಓಡ್ತಾ ಇರೋದು ನನ್ನ ತೆರಿಗೆಯಿಂದ. ಬಿಸ್ಕತ್ತು ತಿನ್ನು."

ಆ ವರ್ಷ ಅಮೆರಿಕದ ಅಧ್ಯಕ್ಷರ ಹಗರಣ ಜಗತ್ತೆಲ್ಲ ಹರಡಿತ್ತಲ್ಲ, ಇಬ್ಬರಿಗೂ ಅದೇ ಹಬ್ಬ. ಪ್ರಮಾಣ ಮಾಡಿ ಸುಳ್ಳು ಹೇಳಿದರೆಂಬ ಆರೋಪ. "ಸುಳ್ಳು ಹೇಳಿದ ಸಿಪಾಯಿನ ಸೈನ್ಯ ಮನೆಗೆ ಕಳಿಸುತ್ತೆ. ಆ ಸೈನ್ಯಕ್ಕೆಲ್ಲ ದೊಡ್ಡವನು ಹೇಳಿದ್ರೆ?" ಎಂದು ಕೋಟ್ ತಾತ ಮೇಜು ಕುಟ್ಟುತ್ತಿದ್ದರು. "ಹೆಂಡತಿ ವಿಷಯದಲ್ಲಿ ಸುಳ್ಳು ಹೇಳಿದವರನ್ನೆಲ್ಲ ಮನೆಗೆ ಕಳಿಸಿದ್ರೆ ನಿಮ್ಮ ದೇಶದಲ್ಲಿ ಬಸ್ ಓಡಿಸೋಕೂ ಗಂಡಸರು ಸಿಗಲ್ಲ" ಎಂದು ಉದ್ದ ತಾತ ನಗುತ್ತಿದ್ದರು. ನಕ್ಕರೆ ಕೆಮ್ಮು. ಅವರ ಶ್ವಾಸಕೋಶ ಹಾಳಾಗುತ್ತಾ ಬಂದಿತ್ತು. ಆ ಶರತ್ಕಾಲದಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಬಂತು.

ಅಕ್ಟೋಬರಿನ ಒಂದು ಗುರುವಾರ ಉದ್ದ ತಾತ ಬಿಸ್ಕತ್ತಿನ ಡಬ್ಬಿ ಮುಚ್ಚಿ, ಹವಾಮಾನ ಹೇಳುವ ಹಾಗೆ ಹೇಳಿದರು: "ಡಾಕ್ಟರ ಹತ್ರ ಮಾತಾಡಿದೀನಿ. ಹೊಸ ವರ್ಷ ನೋಡೋ ಯೋಚನೆ ನನಗಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಮುಗಿಸಿಕೊಡಿ ಅಂತ ಕೇಳಿದೀನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಾಲೆಂಡಿನಲ್ಲಿ ವಾಸಿಯಾಗದ ರೋಗಿ ತಾನಾಗಿ ಪದೇಪದೇ ಕೇಳಿಕೊಂಡರೆ, ಕಟ್ಟುನಿಟ್ಟಿನ ನಿಯಮಗಳನ್ನು ಪಾಲಿಸಿ ಸಾವಿಗೆ ನೆರವಾದ ವೈದ್ಯರ ಮೇಲೆ ಮೊಕದ್ದಮೆ ಹೂಡುತ್ತಿರಲಿಲ್ಲ. ಕಾನೂನು ಬರೆದಿರಲಿಲ್ಲ, ರೂಢಿಯಾಗಿತ್ತು. ಅವರ ಡಾಕ್ಟರು ಸಮಾಧಾನದ ಹೆಣ್ಣುಮಗಳು. ಅವಸರವೇನಿಲ್ಲ, ಮತ್ತೆ ಬಂದು ಮಾತಾಡೋಣ ಎಂದಿದ್ದರಂತೆ. ಅವಸರ ಉದ್ದ ತಾತನಿಗೇ ಇತ್ತು.

ಕೋಟ್ ತಾತ ಎದ್ದು ನಿಂತರು. ಕಾಫಿ ಅರ್ಧ ಹಾಗೇ ಉಳಿಯಿತು. ಬಾಗಿಲು ಹಾಕಿದ ಸದ್ದಿಗೆ ಗೋಡೆಯ ಗಡಿಯಾರ ಓರೆಯಾಯಿತು.

ಮುಂದಿನ ಮೂರು ಗುರುವಾರ ಬರೀ ಜಗಳ. ಹಿಂದಿನಂಥ ಜಗಳವಲ್ಲ. ಜೀವ ನಮ್ಮದಲ್ಲ, ಕೊಟ್ಟವನದು ಎಂದು ಕೋಟ್ ತಾತ. ಕೊಟ್ಟವನು ಯಾರು, ಅವನ ವಿಳಾಸ ಕೊಡು ಎಂದು ಉದ್ದ ತಾತ. ಕೊರಿಯಾದ ಗುಡ್ಡಗಳಲ್ಲಿ ಸತ್ತ ಹುಡುಗರಿಗೆ ಸಿಗದ ವರ್ಷಗಳಿವು, ಹೀಗೆ ಬಿಸಾಡಬೇಡ ಎಂದು ಇವರು. ಆ ಹುಡುಗರು ಸತ್ತದ್ದೂ ಯಾರೋ ಜನರಲ್ ಹೇಳಿದ್ದಕ್ಕೆ, ನಾನಾದರೂ ನನ್ನ ಇಷ್ಟದಂತೆ ಸಾಯುತ್ತೇನೆ ಎಂದು ಅವರು. ಮೂರನೆಯ ಗುರುವಾರ ಉದ್ದ ತಾತ, "ಇನ್ನು ಇದೇ ಮಾತಾದ್ರೆ ಬರ್ಬೇಡ, ಉಸಿರು ದುಬಾರಿ ನನಗೆ" ಎಂದುಬಿಟ್ಟರು.

ಆ ಭಾನುವಾರ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೋಟ್ ತಾತ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಬೆನ್ನು ಬಾಗಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೆಂಡತಿ ಹೋದಮೇಲೆ ಅವರಿಗೆ ಇದ್ದವರು ಉದ್ದ ತಾತ ಒಬ್ಬರೇ. ಆ ಚಳಿ ಹೇಗಿತ್ತೆಂದು ವಿವರಿಸದೆಯೇ ಅರ್ಥ ಮಾಡಿಕೊಳ್ಳುವ ಮನುಷ್ಯ ಈ ದೇಶದಲ್ಲಿ ಬೇರೆ ಯಾರಿದ್ದಾರೆ?

"ನಾನು ಹೇಳೋದು ಸರಿ ಅಲ್ವಾ? ಹೇಳು."

"ಸರಿಯೋ ತಪ್ಪೋ, ನೀವು ಹೇಳೋ ರೀತಿ ವ್ಯಾಪಾರಕ್ಕಾಗಲ್ಲ, ಸರ್," ಎಂದೆ. "ಪೂರ್ತಿ ಬದುಕನ್ನ ಒಂದೇ ಸಲ ಕೇಳ್ತಿದೀರಿ. ಅಷ್ಟು ಯಾರು ಕೊಡ್ತಾರೆ? ಕಡಿಮೆ ಕೇಳಿ. ಒಂದು ತಿಂಗಳು ಕೇಳಿ. ಕೊಟ್ಟಮೇಲೆ ಇನ್ನೊಂದು."

"ರೀ!" ಒಲೆಯ ಹತ್ತಿರದಿಂದ ನನ್ನವಳು ಗದರಿದಳು. "ಸಾಯೋ ವಿಷಯದಲ್ಲೂ ನಿಮ್ಮ ವ್ಯಾಪಾರಾನಾ?"

ಕೋಟ್ ತಾತನ ಮುಖ ಕೆಂಪಾಗಿತ್ತು. "ನಾನು ಒಂದು ಹಳೇ ಉಣ್ಣೆ ಕೋಟಿಗೂ ಚೌಕಾಸಿ ಮಾಡಿದವನಲ್ಲ. ಮನುಷ್ಯನ ಜೀವಕ್ಕೆ ಮಾಡ್ಲಾ? ಚೌಕಾಸಿ ಮಾಡಿದ್ರೆ ಅದಕ್ಕೊಂದು ಬೆಲೆ ಇದೆ ಅಂತ ಒಪ್ಪಿದ ಹಾಗೆ. ಅದಕ್ಕೆ ಬೆಲೆ ಇಲ್ಲ."

"ಬೆಲೆ ಮಾತಾಡ್ಬೇಡಿ. ಗಡುವು ಮಾತಾಡಿ."

ಅವರು ತಟ್ಟೆ ಖಾಲಿ ಮಾಡಿ ಎದ್ದು ಹೋದರು. ನನ್ನವಳು ಇಡೀ ದಿನ ನನ್ನ ಜೊತೆ ಮಾತು ಬಿಟ್ಟಳು.

ಗುರುವಾರ ಕೋಟ್ ತಾತನೂ ನಾನೂ ಒಟ್ಟಿಗೆ ಉದ್ದ ತಾತನ ಮನೆಗೆ ಹೋದೆವು. ಕೋಟ್ ತಾತ ದೇವರ ಮಾತೆತ್ತಲಿಲ್ಲ. ಪತ್ರಿಕೆ ಬಿಡಿಸಿ ಮೇಜಿನ ಮೇಲಿಟ್ಟರು. ಅಧ್ಯಕ್ಷರ ವಾಗ್ದಂಡನೆಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮತ ಹಾಕುವ ಮಾತು ನಡೆದಿತ್ತು.

"ನೀನು ಏನಂದಿದ್ದೆ? ಇವರಿಗೆ ಅಷ್ಟು ಧೈರ್ಯ ಇಲ್ಲ ಅಂತ."

"ಈಗ್ಲೂ ಅಂತೀನಿ."

"ಮತ ಹಾಕ್ತಾರೆ. ಅವತ್ತು ಸಂಜೆ ನಾನು ಬಂದು ಈ ಕುರ್ಚಿ ಮೇಲೆ ಕೂತು ನಗಬೇಕು. ನಿನ್ನ ಖಾಲಿ ಕುರ್ಚಿ ನೋಡಿ ನಗೋಕಾಗಲ್ಲ. ಅಲ್ಲೀವರೆಗೆ ಇರು."

ಉದ್ದ ತಾತ ಅವರನ್ನು ನೋಡಿದರು, ನನ್ನನ್ನು ನೋಡಿದರು. ಕೊಳವೆ ಸರಿಮಾಡಿಕೊಂಡರು. "ಮತದಾನದವರೆಗೆ. ಅದರ ಮೇಲೆ ಒಂದು ದಿನ ಇಲ್ಲ."

ಕ್ರಿಸ್‌ಮಸ್ ಹೊಸ್ತಿಲಲ್ಲಿ ಮತದಾನವಾಯಿತು. ಕೆಳಮನೆ ವಾಗ್ದಂಡನೆಯನ್ನು ಅಂಗೀಕರಿಸಿತು. ಕೋಟ್ ತಾತ ಟೈ ಕಟ್ಟಿಕೊಂಡು ಹೋಗಿ ನಕ್ಕು ಬಂದರು. ಉದ್ದ ತಾತ ಮುಖ ಗಂಟು ಹಾಕಿಕೊಂಡು, "ಕೆಳಮನೇಲಿ ಗದ್ದಲ ಯಾರು ಬೇಕಾದ್ರೂ ಮಾಡ್ತಾರೆ. ಸೆನೆಟ್‌ನಲ್ಲಿ ಬಿಟ್ಟು ಕಳಿಸ್ತಾರೆ, ನೋಡ್ತಿರು" ಎಂದರು.

"ನೋಡೋಕೆ ನಾನಿರ್ತೀನಿ. ನೀನು?"

ಮೇಷ್ಟ್ರಿಗೆ ಸಿಟ್ಟು ಬಂತು. "ಪಂದ್ಯ! ನಾನು ಗೆದ್ರೆ ನೀನು ಆ ಹಡಗು ಮನೇಲಿ ಬಿಟ್ಟು ಸೈಕಲ್ ಹೊಡೀಬೇಕು. ನಮ್ಮ ಬೀದಿ ಈ ತುದಿಯಿಂದ ಆ ತುದಿ. ಎಲ್ಲರೆದುರಿಗೆ."

ಮೂವತ್ತು ವರ್ಷ ಹಾಲೆಂಡಿನಲ್ಲಿದ್ದರೂ ಕೋಟ್ ತಾತ ಸೈಕಲ್ ಮುಟ್ಟಿರಲಿಲ್ಲ. ಗಂಡಸಿಗೆ ಪೆಟ್ರೋಲ್ ಬೇಕು ಎಂಬುದು ಅವರ ವಾದ. ಒಪ್ಪಿಕೊಂಡರು. ಹಾಗೆ ಹೊಸ ವರ್ಷ ಬಂತು. ಉದ್ದ ತಾತ ಅದನ್ನು ನೋಡಿದರು. ಯಾರೂ ಆ ಮಾತೆತ್ತಲಿಲ್ಲ.

ಫೆಬ್ರುವರಿಯಲ್ಲಿ ಸೆನೆಟ್ ಅಧ್ಯಕ್ಷರನ್ನು ಬಿಟ್ಟು ಕಳಿಸಿತು. ಕೋಟ್ ತಾತನಿಗೆ ನಿಜವಾಗಿಯೂ ದುಃಖವಾಗಿತ್ತು. ಪಂದ್ಯಕ್ಕಾಗಿ ಅಲ್ಲ, ದೇಶಕ್ಕಾಗಿ. ಎರಡು ದಿನ ಪತ್ರಿಕೆ ತರಲು ಹೋಗಲಿಲ್ಲ. ಗುರುವಾರ ಮಾತ್ರ ಬಂದರು. ಉದ್ದ ತಾತನ ಕಣ್ಣುಗಳು ಮಿಂಚುತ್ತಿದ್ದವು.

"ನಾಳೇನೇ ಸೈಕಲ್," ಎಂದರು.

"ಹಿಮ ಬಿದ್ದಿದೆ. ಬೆರಳಿಲ್ಲದ ಕಾಲು ನಂದು, ಜಾರ್ತೀನಿ. ಜೂನ್‌ನಲ್ಲಿ."

"ಜೂನ್? ಮಾರ್ಚ್."

"ಮಾರ್ಚ್‌ನಲ್ಲಿ ಗಾಳಿ. ಮೇ ಕೊನೆ."

"ಏಪ್ರಿಲ್. ಅದಕ್ಕಿಂತ ಮುಂದೆ ಹೋದ್ರೆ ನೀನು ಹೇಡಿ."

"ಏಪ್ರಿಲ್ ಕೊನೆ," ಎಂದು ಕೋಟ್ ತಾತ ಕೈ ಚಾಚಿದರು.

ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಏಪ್ರಿಲ್ ಬೇಕಾದವರು ಜೂನ್‌ನಿಂದ ಶುರು ಮಾಡಿದ್ದರು! ಎಸ್.ಪಿ. ರೋಡಿನಲ್ಲೂ ಇಷ್ಟು ಚೊಕ್ಕವಾಗಿ ಮಾಡುವವರನ್ನು ಕಂಡಿರಲಿಲ್ಲ.

ಉದ್ದ ತಾತ ಆ ಕೈ ಹಿಡಿದುಕೊಂಡೇ ಹೇಳಿದರು: "ನೀನೇನು ಮಾಡ್ತಿದೀಯ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ, ಕೌಬಾಯ್."

"ಗೊತ್ತಿದ್ಮೇಲೆ ಏಪ್ರಿಲ್ ಅಂತ ಯಾಕಂದೆ?"

"ಸೈಕಲ್ ನೋಡ್ಬೇಕಲ್ಲ."

ಮಾರ್ಚಿನಲ್ಲಿ ನಮಗೆ ಮಗಳು ಹುಟ್ಟಿದಳು. ಕೋಟ್ ತಾತ ಟೋಪಿ ತೆಗೆದು, "ಓಹೋ, ಮೇಡಂ" ಎಂದರು. ಏಪ್ರಿಲ್ ಕೊನೆಯ ಶನಿವಾರ ಆ ಬೀದಿಯಲ್ಲಿ ಜಾತ್ರೆಯಷ್ಟು ಜನ. ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು, ಕಾಲ ಬಳಿ ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡು ಉದ್ದ ತಾತ ಮುಖ್ಯ ಅತಿಥಿಯ ಹಾಗೆ ಕೂತಿದ್ದರು. ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನನ್ನವಳು. ಸೈಕಲ್ಲೂ ಅವಳದೇ, ಅಡ್ಡಪಟ್ಟಿಯಿಲ್ಲದ ಹೆಂಗಸರ ಸೈಕಲ್. ಕೋಟ್ ತಾತ ಹತ್ತಿದರು, ಓಲಾಡಿದರು, ಆಮೇಲೆ ನೆಟ್ಟಗಾದರು. ಜನ ಚಪ್ಪಾಳೆ ತಟ್ಟಿದರು. ಒಂದು ಕೈ ಬಿಟ್ಟು ಟೋಪಿ ಎತ್ತಿ ಸೆಲ್ಯೂಟ್ ಬೇರೆ.

ಒಂದು ವಿಷಯ ಅವರಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಅಂಥ ಡಚ್ ಸೈಕಲ್ಲಿಗೆ ಕೈಬ್ರೇಕು ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಬೀದಿಯ ಕೊನೆಯಲ್ಲಿ ಅವರು ಹ್ಯಾಂಡಲ್ಲಿನಲ್ಲಿ ಬ್ರೇಕು ಹುಡುಕಿದರು, ಬೆಲ್ಲು ಸಿಕ್ಕಿತು. ಟ್ರಿಣ್ ಟ್ರಿಣ್ ಎಂದು ಬೆಲ್ ಹೊಡೆಯುತ್ತಲೇ ರಸ್ತೆ ಬದಿಯ ನೀರ್ಗಾಲುವೆಗೆ ನೇರವಾಗಿ ಇಳಿದುಬಿಟ್ಟರು. ಮೊಣಕಾಲುದ್ದ ನೀರು. ಬಾತುಕೋಳಿಗಳು ಗದ್ದಲ ಮಾಡುತ್ತಾ ಚದುರಿದವು. ಕೋಟ್ ತಾತ ಎದ್ದು ನಿಂತು, ತಲೆಯ ಮೇಲೆ ಪಾಚಿಯೊಂದಿಗೆ ಕೂಗಿದರು: "ನಿನ್ನ ಸರ್ಕಾರದ ಪಂಪು ಎಲ್ಲೋ ಸತ್ತಿದೆ?"

ಉದ್ದ ತಾತ ಎಷ್ಟು ನ‌ಕ್ಕರೆಂದರೆ ಮೂಗಿನ ಕೊಳವೆ ಕಳಚಿ ಬಿತ್ತು. ನನ್ನವಳು ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಸಿಕ್ಕಿಸಿದಳು. ಉಸಿರು ತಿರುಗಿದ ಮೇಲೆ ಅವರು ಹೇಳಿದ ಮೊದಲ ಮಾತು: "ಮುಂದಿನ ವರ್ಷ ಅಮೆರಿಕದ ಚುನಾವಣೆ. ಅದಕ್ಕೇನು ಪಂದ್ಯ ಕಟ್ಟೋಣ?"

ಉದ್ದ ತಾತ ಮತ್ತೆ ತಾರೀಕು ಕೇಳಲಿಲ್ಲ. ಡಾಕ್ಟರು ಬರುತ್ತಿದ್ದರು, ಉಸಿರಾಟ ಹಗುರವಾಗಲು ಔಷಧ ಬದಲಿಸುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಒಮ್ಮೆ ನಾನೇ ತಡೆಯಲಾರದೆ, "ಹಾಗಾದ್ರೆ ಕೋಟ್ ತಾತ ಹೇಳಿದ್ದು ಒಪ್ಪಿದಿರಾ?" ಎಂದು ಕೇಳಿದೆ. "ಅಭಿಪ್ರಾಯ ಬದಲಾಯಿಸಿಲ್ಲ," ಎಂದರು ಮೇಷ್ಟ್ರ ದನಿಯಲ್ಲಿ. "ತಾರೀಕು ಬದಲಾಯಿಸ್ತಾ ಇದೀನಿ, ಅಷ್ಟೆ. ಅವನಿಗೆ ಹೇಳ್ಬೇಡ, ಉಬ್ಬಿಹೋಗ್ತಾನೆ."

ಆ ವರ್ಷದ ನವೆಂಬರಿನಲ್ಲಿ ಉದ್ದ ತಾತ ತಮ್ಮ ಹಾಸಿಗೆಯಲ್ಲಿ ನಿದ್ದೆಯಲ್ಲೇ ಹೋದರು. ಹಿಂದಿನ ದಿನ ಗುರುವಾರ. ಮುಂದಿನ ಅಧ್ಯಕ್ಷ ಯಾವ ಪಕ್ಷದವನು ಎಂದು ಇಬ್ಬರೂ ಜಗಳವಾಡಿದ್ದರು. ಶವಸಂಸ್ಕಾರದಲ್ಲಿ ಕೋಟ್ ತಾತ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಹೊರಗೆ ಬಂದ ಮೇಲೆ ನನ್ನ ಭುಜ ಹಿಡಿದು, "ಅವನು ಕೊನೇವರೆಗೂ ಒಪ್ಪಲಿಲ್ಲ, ಸನ್. ಒಪ್ಪದೇನೇ ಒಂದು ವರ್ಷ ಕೊಟ್ಟ" ಎಂದರು.

ಎರಡು ಸಾವಿರದಲ್ಲಿ ಅವರು ತಂಗಿಯ ಮನೆಗೆಂದು ಅಮೆರಿಕಕ್ಕೆ ಮರಳಿದರು. ಪ್ರತಿ ವರ್ಷ ನನ್ನ ಮಗಳಿಗೆ 'ಮೇಡಂ' ಎಂದು ಸಂಬೋಧಿಸಿದ ಒಂದು ಕಾರ್ಡ್ ಬರುತ್ತಿತ್ತು. ಈ ಸಲ ಕಾರ್ಡಿನ ಬದಲು ಅವರ ತಂಗಿಯ ಮಗಳು ಫೋನ್ ಮಾಡಿ, ಅವರು ತೀರಿಕೊಂಡರು ಎಂದಳು. ಕೊನೆಯ ವಾರದಲ್ಲೂ ಆಸ್ಪತ್ರೆಯ ಪಕ್ಕದ ಹಾಸಿಗೆಯ ಹಳೇ ಸೈನಿಕನೊಬ್ಬನಿಗೆ ಕಿವಿಯ ಯಂತ್ರ ಕೊಡಿಸಲು ಗಲಾಟೆ ಮಾಡುತ್ತಿದ್ದರಂತೆ. ಕೊಡಿಸಿಯೂ ಬಿಟ್ಟರಂತೆ.

ಜೀವದ ಬೆಲೆಯ ಬಗ್ಗೆ ನಿಮ್ಮ ಅಭಿಪ್ರಾಯ ಕೋಟ್ ತಾತನದ್ದೋ ಉದ್ದ ತಾತನದ್ದೋ ನನಗೆ ಗೊತ್ತಿಲ್ಲ. ಯಾವುದೇ ಇರಲಿ, ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ, ಕೇಳಿ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಯಾರಾದರೂ 'ಇನ್ನು ಸಾಕು' ಎಂದರೆ, ಮೊದಲು ಒಳ್ಳೆಯ ಡಾಕ್ಟರಿಗೆ ವಿಷಯ ತಿಳಿಸಿ, ನೋವಿಗೆ ಔಷಧ ಕೊಡಿಸಿ. ಅದರಲ್ಲಿ ಮಾತ್ರ ಒಂದು ದಿನವೂ ತಡಮಾಡಬೇಡಿ. ಆಮೇಲೆ ಉಪದೇಶಕ್ಕೆ ಕೂರಬೇಡಿ, ಉಸಿರು ಅವರಿಗೂ ದುಬಾರಿ. ಅವರಿಗೆ ನಿಮ್ಮ ಮೇಲೆ ಗೆಲ್ಲಬೇಕು ಅನ್ನಿಸುವಂಥ ಏನಾದರೂ ಒಂದನ್ನು ಹುಡುಕಿ. ಕ್ರಿಕೆಟ್ಟೋ, ಚುನಾವಣೆಯೋ, ಸೊಸೆಯ ಸಾರಿನ ಉಪ್ಪೋ, ಏನಾದರೂ ಆದೀತು. ಸೋಲಲು ಹಿಂಜರಿಯಬೇಡಿ, ಸೋತದ್ದನ್ನು ತೀರಿಸುವ ದಿನ ಮಾತ್ರ ಸ್ವಲ್ಪ ಮುಂದಕ್ಕಿರಲಿ. ಕೇಳುವಾಗ ಹೆಚ್ಚು ಕೇಳಬೇಡಿ. ಗುರುವಾರದವರೆಗೆ ಎಂದು ಕೇಳಿ. ಕೊಟ್ಟರೆ ಅದನ್ನು ತೆಗೆದುಕೊಂಡು ಖುಷಿಯಾಗಿ ಕಾಫಿ ಕುಡಿಯಿರಿ, ಶುಕ್ರವಾರದ ಮಾತನ್ನು ಶುಕ್ರವಾರ ಎತ್ತಿದರಾಯಿತು.